ಹಿಡಿಕೆಯ ತೊಟ್ಟಿಲು

ಕೂಸುಗಳ ಕೆಲಸಕ್ಕೆ ಕೈ ಹಾಕಿದವನ ಮನೆಯಲ್ಲಿ ನಗುವಂಥದ್ದು ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ನಗಬಾರದು, ದೊಡ್ಡವರು ಕೂತಿದ್ದಾರೆ ಎಂದು ತುಟಿ ಬಿಗಿ ಹಿಡಿದರೂ ಶಿವ ಬಿಡುವುದಿಲ್ಲ. ಅಂಗಿ ಹೊಲಿಯುವಾಗ ನನಗೆ ಇಂಥ ತೊಂದರೆ ಇರಲಿಲ್ಲ.

ಸಿಂಧನೂರಿನಲ್ಲಿ ನಮ್ಮ ಮನೆಯ ಪಡಸಾಲೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಅಂಗಿ, ಕುಪ್ಪಸ, ಕೂಸುಗಳ ಕುಲಾವಿ ಹೊಲಿಯುತ್ತಿದ್ದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಮಷೀನಿನ ಗಾಲಿಗೂ ಒಂದಿಷ್ಟು ವಿಭೂತಿ ಹಚ್ಚಿ ಕೆಲಸಕ್ಕೆ ಕೂಡುವುದು ರೂಢಿ. ರಜಾಕಾರರ ಗಲಾಟೆ ತಣ್ಣಗಾಗಿ ಕೆಲವು ವರ್ಷಗಳಾಗಿದ್ದವು. ಕಾಲುವೆ ಅಗೆಯುವವರ ಕ್ಯಾಂಪುಗಳು ನಮ್ಮ ಸುತ್ತಮುತ್ತ ಬಂದಿಳಿದಿದ್ದವು. ಒಂದು ದಿನ ಆ ಕ್ಯಾಂಪಿನ ಓವರ್ಸಿಯರರ ಹೆಂಡತಿ ಒಂದು ಹೊಸ ನಮೂನೆಯ ಸಾಮಾನು ತಂದು ನನ್ನ ಮುಂದಿಟ್ಟರು. ಬೆತ್ತದ ಉದ್ದನೆಯ ಬುಟ್ಟಿ, ಒಳಗೆ ಹತ್ತಿಯ ಮೆತ್ತೆ, ಒಳಗೂ ಹೊರಗೂ ಬಟ್ಟೆಯ ಹೊದಿಕೆ, ತಲೆಯ ಕಡೆ ಸವಾರಿ ಗಾಡಿಯ ಕಮಾನಿನಂಥ ಮರೆ, ಎರಡೂ ಬದಿಗೆ ಹಿಡಿಕೆ. ಕೂಸನ್ನು ಮಲಗಿಸಿದಲ್ಲಿಂದಲೇ ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದಂತೆ. ಬಟ್ಟೆ ಹರಿದಿತ್ತು, ಹೊಸದು ಹಾಕಿಕೊಡಿ ಎಂದರು.

ಅದನ್ನು ನೋಡಲು ನಮ್ಮ ಓಣಿಯ ಇಬ್ಬರು ಬಂದರು. ಒಬ್ಬ ಬಿದಿರು ಸೀಳಿ ಬುಟ್ಟಿ ಹೆಣೆಯುವ ಮೇದಾರ. ಇನ್ನೊಬ್ಬ ಬಿಲ್ಲಿನಿಂದ ಹತ್ತಿ ಹಿಂಜಿ ಗಾದಿ ತುಂಬುವ ಪಿಂಜಾರ. ಅವನನ್ನು ಓಣಿಯೆಲ್ಲ ಮಾಮಾ ಅನ್ನುತ್ತಿತ್ತು. ಮೇದಾರ ಬುಟ್ಟಿಯನ್ನು ತಿರುವಿ ಮುರುವಿ ನೋಡಿ, "ಇದನ್ನ ನಾ ಹೆಣೀತೀನಿ" ಅಂದ. ಮಾಮಾ ಮೆತ್ತೆ ಹಿಚುಕಿ, "ಇದಕ್ಕಿಂತ ಮೆತ್ತಗ ನಾ ತುಂಬತೀನಿ" ಅಂದ. ಉಳಿದದ್ದು ಹೊಲಿಗೆ. ಹೀಗೆ ಶುರುವಾಯಿತು ನಮ್ಮ ಕೈತೊಟ್ಟಿಲ ಕೆಲಸ.

ಮೇದಾರನಿಗೆ ಇದು ಆಟವಾಗಿರಲಿಲ್ಲ. ತಗಡಿನ ಡಬ್ಬಿಗಳು ಬಂದ ಮೇಲೆ ಕಾಳು ತುಂಬಿಡಲು ಅವನು ಹೆಣೆಯುವ ದೊಡ್ಡ ಗುಮ್ಮಿಗಳನ್ನು ಕೇಳುವವರಿಲ್ಲ. "ಇದು ನಡದ್ರ ಊರಾಗ ಉಳೀತೀನ್ರೀ. ಇಲ್ಲಂದ್ರ ಗಂಡ ಹೆಂಡತಿ ಕಾಲುವಿ ಮಣ್ಣು ಹೊರಾಕ ಹೋಗೋದ" ಅಂದಿದ್ದ.

ತೊಟ್ಟಿಲು ಚೆಂದವೇ ಆದವು. ಊರವರು ಬಂದರು, ನೋಡಿದರು, ಸವರಿದರು. ಆಮೇಲೆ ಎಲ್ಲರದೂ ಒಂದೇ ಮಾತು: "ಚೊಲೊ ಐತ್ರೀ. ಮೊದಲ ನಿಮ್ಮ ಮನಿ ಕೂಸು ಮಲಗಲಿ, ಆಮ್ಯಾಲ ನೋಡೋಣು."

ಓವರ್ಸಿಯರರ ಕೂಸು ಮಲಗುತ್ತದಲ್ಲ ಎಂದರೆ, "ಅವರು ಬ್ಯಾರೆ ಕಡಿಯವರ್ರೀ, ಅವರ ಕೂಸುಗೋಳು ಎಲ್ಲ್ಯರ ಮಲಗತಾವು" ಅನ್ನುವರು. ನನ್ನ ಮನೆಯಲ್ಲೋ ಎಳೆಗೂಸು ಇರಲಿಲ್ಲ. ಹಿರಿಯ ಮಗಳನ್ನು ಆಗಷ್ಟೇ ಲಿಂಗಸೂಗೂರಿಗೆ ಕೊಟ್ಟಿದ್ದೆವು. ಅಂದಿನಿಂದ ಊರಿಗೆಲ್ಲ ನನ್ನ ಮಗಳದೇ ಚಿಂತೆ. ಬಾವಿಗೆ ಹೋದರೂ ಅದೇ ಪ್ರಶ್ನೆ, ಗುಡಿಗೆ ಹೋದರೂ ಅದೇ ಪ್ರಶ್ನೆ. ಒಮ್ಮೆ ಗುಡಿಯ ಕಟ್ಟೆಯ ಮೇಲೆ ಪೂಜಾರಿಗಳು, "ಮಗಳದು ಏನರ ಸಿಹಿ ಸುದ್ದಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಉತ್ತರ ಬಂತು: "ಇನ್ನೂ ಇಲ್ರೀ. ಈ ತಿಂಗಳೂ ಇಲ್ಲ."

ಹೆಣ್ಣಿನ ತಂದೆ ನಾನು. ಉತ್ತರ ಕೊಟ್ಟವನು ಮೇದಾರ.

ಓಣಿಯ ಚಟ್ನಿ

ನಮ್ಮ ಕಡೆ ತೊಟ್ಟಿಲನ್ನು ಖಾಲಿ ಇಡುವುದಿಲ್ಲ. ಹೆಸರಿಡುವ ದಿನವೂ ಅಷ್ಟೆ, ಒರಳಲ್ಲಿ ಖಾರ ಅರೆಯುವ ಗುಂಡುಕಲ್ಲಿಗೆ ಕುಲಾವಿ ತೊಡಿಸಿ ಮೊದಲು ಅದನ್ನು ಮಲಗಿಸುತ್ತಾರೆ, ಆಮೇಲೆ ಕೂಸನ್ನು. ನಮ್ಮ ಪಡಸಾಲೆಯಲ್ಲಿ ಖಾಲಿ ತೊಟ್ಟಿಲುಗಳು ಸಾಲಾಗಿ ಕೂತದ್ದನ್ನು ಕಂಡು ನನ್ನ ಹೆಂಡತಿಗೆ ಊಟ ಸೇರದಾಯಿತು.

"ಮಗಳಿಗೆ ಇನ್ನ ಏನೂ ಆಗಿಲ್ಲ. ಮನಿ ತುಂಬ ಖಾಲಿ ತೊಟ್ಟಲಾ ಇಟ್ಟೀರಲ್ಲ, ಶಿವ ಮೆಚ್ಚತಾನೇನು?"

ಶಿವನ ಮಾತು ಬಂದ ಮೇಲೆ ನಾನು ಎದುರಾಡುವವನಲ್ಲ. "ಏನು ಮಾಡಬೇಕಂತಿ?" ಅಂದೆ. ಅವಳು ಒಳಗೆ ಹೋಗಿ ನಮ್ಮ ಗುಂಡುಕಲ್ಲು ತಂದಳು. ತಲೆಗೆ ನಾನು ಹೊಲಿದ ಕೆಂಪು ಕುಲಾವಿ ಹಾಕಿ, ದುಪ್ಪಟಿ ಹೊದಿಸಿ, ಮೊದಲ ತೊಟ್ಟಿಲಲ್ಲಿ ಮಲಗಿಸಿದಳು. ಉಳಿದ ತೊಟ್ಟಿಲುಗಳಿಗೆ? ಓಣಿಯ ಹೆಂಗಸರಿಗೆ ವಿಷಯ ತಿಳಿಸಿದಳು. ಅವರಿಗೂ ಅದು ಸರಿ ಕಂಡಿತು. ಸಂಜೆಯ ಹೊತ್ತಿಗೆ ಓಣಿಯ ಗುಂಡುಕಲ್ಲುಗಳೆಲ್ಲ ಬಣ್ಣಬಣ್ಣದ ಕುಲಾವಿ ಹಾಕಿಕೊಂಡು ನಮ್ಮ ಪಡಸಾಲೆಯಲ್ಲಿ ಮಲಗಿದವು. ಮರುದಿನದಿಂದ ಓಣಿಯ ಗಂಡಸರೆಲ್ಲ ಬರೀ ರೊಟ್ಟಿ ಮುರಿಯಬೇಕಾಯಿತು.

ಎರಡು ದಿನ ಹೇಗೋ ತಡೆದುಕೊಂಡರು. ಆಮೇಲೆ ಹೊತ್ತಿಗೊಬ್ಬರಂತೆ ಬಂದು ತಮ್ಮ ಕಲ್ಲು ಒಯ್ದು, ಅರೆದು, ತೊಳೆದು, ತಂದು ಮಲಗಿಸಿ ಹೋಗುವ ಏರ್ಪಾಡಾಯಿತು. ಎಲ್ಲವೂ ಒಂದೇ ಥರ, ಕುಲಾವಿಯೊಂದೇ ಗುರುತು.

ಒಂದು ಬೆಳಿಗ್ಗೆ ಪರ ಊರಿನವರೊಬ್ಬರು ಬಂದು ಪಡಸಾಲೆಯಲ್ಲಿ ಕೂತರು. ಹೊಸದಾಗಿ ತಂದೆಯಾದವರು, ಮೆಲುದನಿಯವರು. ತೊಟ್ಟಿಲುಗಳ ಕಡೆ ನೋಡಿ, "ಅಯ್ಯೋ, ಇಷ್ಟು ಕೂಸು ಒಂದೂ ಅಳವಲ್ಲವಲ್ಲ. ಅಷ್ಟು ಚೊಲೊ ನಿದ್ದಿ ಬರತೈತೇನ್ರೀ ಇದರಾಗ?" ಎಂದು ಬೆರಗಾದರು. ಗಿರಾಕಿ ಸಿಕ್ಕಿತು, ಅದೂ ನಮ್ಮ ಮನೆಯ ಕೂಸಿನ ಮಾತೆತ್ತದ ಗಿರಾಕಿ ಎಂದು ನಾನು ಹಿಗ್ಗಿದೆ. ಕಲ್ಲಿನ ವಿಷಯ ಬಿಡಿಸಿ ಹೇಳಬೇಕು ಅನ್ನುವಷ್ಟರಲ್ಲಿ ಎದುರು ಮನೆಯ ಸೊಸೆ ಕೈಯಲ್ಲಿ ಹಸಿಮೆಣಸಿನಕಾಯಿ ಹಿಡಿದು ಬಂದಳು.

"ಅತ್ತೀ, ನಮ್ಮದನ್ನ ಕೊಡ್ರಿ ಜಲ್ದಿ."

ಒಳಗಿನಿಂದ ನನ್ನ ಹೆಂಡತಿ, "ನೀಲಿ ಕುಲಾವಿದು ನಿಮ್ಮದು, ಎತ್ತಿಕೋ. ನೋಡಿ ಎತ್ತವ್ವ, ನಿನ್ನೆ ನೀ ಒಯ್ದದ್ದು ನಮ್ಮದು. ಇನ್ನೂ ಬಳ್ಳೊಳ್ಳಿ ವಾಸನಿ ಹೋಗಿಲ್ಲ" ಅಂದಳು.

"ಮೆಣಸಿನಕಾಯಿ ಹಾಕಿ ನಾಕು ಸಲ ಅರದು, ತೊಳದು, ತಂದು ಮಲಗಸ್ತೀನ್ರೀ" ಎನ್ನುತ್ತ ಆ ಹುಡುಗಿ ನೀಲಿ ಕುಲಾವಿಯನ್ನು ಕಂಕುಳಿಗೆ ಹಾಕಿಕೊಂಡು ಹೊರಟಳು.

ನಾನು ತಿರುಗಿ ನೋಡಿದೆ. ಆ ಗೃಹಸ್ಥರು ಕೂತ ಜಾಗದಲ್ಲಿ ಅವರ ಕೊಡೆ ಮಾತ್ರ ಇತ್ತು. ಅದನ್ನು ಕೇಳಿಕೊಂಡು ಈವರೆಗೆ ಯಾರೂ ಬಂದಿಲ್ಲ.

ತುರ್ವಿಹಾಳದ ಅಳತೆ

ಸಿಂಪಿಗನಿಗೆ ಅಳತೆ ಬೇಕು. ಆದರೆ ಕೂಸನ್ನು ಅಳೆಯಬಾರದು, ಅಳೆದರೆ ಕೂಸು ಅಷ್ಟಕ್ಕೇ ನಿಂತುಬಿಡುತ್ತದೆ ಎಂದು ನಮ್ಮ ಕಡೆಯ ತಾಯಂದಿರ ನಂಬಿಕೆ. ನಾನು ಕೊರಳಲ್ಲಿ ಟೇಪು ಹಾಕಿಕೊಂಡು ಹೋದರೆ ಬಾಣಂತಿಯರು ಸೆರಗಿನಲ್ಲಿ ಕೂಸನ್ನು ಮುಚ್ಚಿಕೊಳ್ಳುವರು. ಅವರ ಮನಸ್ಸು ನೋಯಿಸಿ ಹೊಲಿಯುವುದು ನನಗೂ ಬೇಕಿರಲಿಲ್ಲ. ಕಣ್ಣಂದಾಜಿನಲ್ಲೇ ನಡೆಸಿದೆವು.

ಒಂದು ದಿನ ತುರ್ವಿಹಾಳದಿಂದ ಒಬ್ಬ ಅಜ್ಜಿ ಗಾಡಿ ಕಟ್ಟಿಸಿಕೊಂಡು ಬಂದಳು. ಮಡಿಲಲ್ಲಿ ಒಂದು ಕುಂಬಳಕಾಯಿ. ಅದನ್ನು ಎರಡೂ ಕೈಯಿಂದ ನನ್ನ ಮುಂದಿಟ್ಟು, "ಇಷ್ಟ ಐತಿ ನೋಡಪ್ಪ ನನ್ನ ಮೊಮ್ಮಗ" ಅಂದಳು.

"ಇಷ್ಟೇ ಅಂತ ಹೆಂಗ ಗೊತ್ತಾತಬೇ?"

"ಹೆಂಗ ಅಂದ್ರ? ಹೊಲಕ್ಕ ಹೋಗಿ ಒಂದೊಂದ ಎತ್ತಿಕೊಂಡು ನೋಡೀನಿ. ಬಾಕಿ ಎಲ್ಲಾ ಹಗುರ. ಇದನ್ನ ಎತ್ತಿಕೊಂಡಾಗ ಮೊಮ್ಮಗನ್ನ ಎತ್ತಿಕೊಂಡಂಗ ಆತು. ಎರಡು ಹೆಜ್ಜಿ ಆಡಿಸಿಕೋಂತ ಬಂದೆ, ನಿದ್ದಿನೂ ಬಂತು ಅದಕ."

ಇಷ್ಟು ಪ್ರೀತಿಯಿಂದ ತಂದ ಅಳತೆಯನ್ನು ಬೇಡ ಅನ್ನುವುದು ಹೇಗೆ? ಕುಂಬಳಕಾಯಿಯನ್ನು ನಮ್ಮಲ್ಲೇ ಇರಿಸಿಕೊಂಡೆವು. ಮೇದಾರ ಅದರ ಸುತ್ತ ಹೆಣೆದ. ಮಾಮಾ ಅದರ ಬೆನ್ನಿಗೆ ಒತ್ತದಂತೆ ಹತ್ತಿ ತುಂಬಿದ. ನಾನು ಎಳೆಹಸಿರು ಬಟ್ಟೆ ಹಾಕಿ ಹೊಲಿದೆ. ಹೊಲಿಯುತ್ತ ಹೊಲಿಯುತ್ತ ನನಗೂ ಅದರ ಮೇಲೆ ಸ್ವಲ್ಪ ಅಕ್ಕರೆ ಹುಟ್ಟಿತು ಅನ್ನಬೇಕು.

ಹೇಳಿದ ದಿನ ಅಜ್ಜಿ ಸೊಸೆಯನ್ನೂ ಕೂಸನ್ನೂ ಕರೆದುಕೊಂಡು ಬಂದಳು. ಮೇದಾರ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದ. ನಮ್ಮ ಕಡೆಯ ಕೂಸೊಂದು ನಮ್ಮ ತೊಟ್ಟಿಲಲ್ಲಿ ಮಲಗುವುದು ಅದೇ ಮೊದಲು. ಸೊಸೆ ಮೆಲ್ಲಗೆ ಕೂಸನ್ನು ಒಳಗಿಟ್ಟಳು. ತೂಕವೇನೋ ಸರಿ ಇತ್ತು. ಆದರೆ ಆ ಕೂಸು ತಂದೆಯ ಹಾಗೆ ಬಡಕಲು, ಉದ್ದ. ತಲೆ, ಬೆನ್ನು, ಸೊಂಟ ಸರಿಯಾಗಿ ಕೂತವು. ಕಾಲುಗಳೆರಡೂ ಬುಟ್ಟಿಯ ಗೋಡೆಗೆ ಆತು ನೆಟ್ಟಗೆ ಮೇಲೆ ನಿಂತವು. ಕೂಸು ತನ್ನ ಹೆಬ್ಬೆರಳನ್ನು ತಾನೇ ಕಣ್ಣೆದುರು ಕಂಡು, ಯಾರದಿದು ಅನ್ನುವಂತೆ ನೋಡುತ್ತ ಮಲಗಿತು.

"ಅಜ್ಜಿ, ಕುಂಬಳಕಾಯಿಗೆ ಕಾಲಿಲ್ಲಬೇ" ಅಂದೆ.

"ಕೂಸಂದ ಮ್ಯಾಲ ಕಾಲು ಇದ್ದ ಇರತಾವು! ಅದನ್ನೂ ನಾನ ಹೇಳಬೇಕೇನು? ಎಂಥಾ ಸಿಂಪಿಗನೋ ನೀ!"

ಮಾಮಾ ಸಮಾಧಾನ ಮಾಡಿದ, "ಅಮ್ಮಾ, ಬ್ಯಾರೆ ಉದ್ದಕ ಮಾಡಿಕೊಡ್ತೀವಿ" ಅಂದ. ಅಜ್ಜಿ ಕೇಳಲಿಲ್ಲ. ಕೂಸನ್ನು ಎತ್ತಿ ಸೊಸೆಯ ಕೈಗೆ ಕೊಟ್ಟು, ಮೂಲೆಯಲ್ಲಿದ್ದ ಕುಂಬಳಕಾಯಿಯನ್ನು ತಂದು ತೊಟ್ಟಿಲಲ್ಲಿಟ್ಟಳು. ಅದು ಅಚ್ಚು ಹೊಯ್ದಂತೆ ಕೂತಿತು.

"ಇದು ಮಲಗಲಿ ಬಿಡು. ಮೊಮ್ಮಗನಂಗ ಎತ್ತಿ ಆಡಿಸಿದ ಮ್ಯಾಲ ನನಗೂ ಇದನ್ನ ಕೊಯ್ಯಾಕ ಮನಸ ಬರಂಗಿಲ್ಲ. ಕೂಸಿಂದು ನಿಮ್ಮ ಮನಿ ಕೂಸು ಮಲಗಿದ ಮ್ಯಾಲ ನೋಡೋಣು."

ಹಿಡಿಕೆ ಹಿಡಿದು ಗಾಡಿ ಹತ್ತಿದಳು. ಕಮಾನಿನ ಮರೆಯನ್ನು ಬಿಸಿಲು ಬೀಳದಂತೆ ಎಳೆದಳು. ಹೀಗೆ ನಮ್ಮ ತೊಟ್ಟಿಲಲ್ಲಿ ಸುಖವಾಗಿ ಊರು ಸೇರಿದ ಮೊದಲ ಜೀವ ಆ ಕುಂಬಳಕಾಯಿ.

ಮಸ್ಕಿಯಲ್ಲಿ ಅಗಲದ ಜಗಳ

ಸಿಂಧನೂರಲ್ಲಿ ನಡೆಯದಿದ್ದರೆ ಮಸ್ಕಿಯಲ್ಲಿ ನೋಡೋಣ ಎಂದು ಸಂತೆಯ ದಿನ ಹೋಗುತ್ತಿದ್ದೆವು. ಗುಡ್ಡದ ಬುಡದಲ್ಲಿ ಬೇವಿನ ಮರದ ನೆರಳಿಗೆ ಹರಡಿಕೊಂಡು ಕೂಡುವುದು. ಒಮ್ಮೆ ನಡುವಯಸ್ಸಿನ ಗಂಡ ಹೆಂಡತಿ ಬಂದರು. ಆ ತಾಯಿ ತೊಟ್ಟಿಲ ಮುಂದೆ ಕೂತು ಒಳಗಿನ ಮೆತ್ತೆಯ ಮೇಲೆ ಕೈಯಾಡಿಸುತ್ತ ಏಳಲೇ ಇಲ್ಲ. ಗಂಡ, "ಏಳ, ನಮಗ್ಯಾಕ ಇದು" ಎಂದು ಮೆಲ್ಲಗೆ ಅಂದ. ಮದುವೆಯಾಗಿ ಬಹಳ ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ.

"ಒಯ್ದು ದ್ಯಾವ್ರ ಮುಂದ ಇಡೋಣು" ಅಂದಳು ಅವಳು. "ಮನ್ಯಾಗ ಜಾಗ ಐತಿ ಅಂತ ಬರೂ ಕೂಸಿಗೆ ಗೊತ್ತಾಗಬೇಕಲ್ಲ."

ಗಂಡ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ನಾನು ಇದ್ದುದರಲ್ಲಿ ಒಂದು ಆರಿಸಿ, ವಿಭೂತಿ ಹಚ್ಚಿ, ಶಿವನನ್ನು ನೆನೆದು ಕೊಟ್ಟೆ. ಅದು ಮೇದಾರನ ಕೈ ತಪ್ಪಿ ತುಸು ಅಗಲವಾಗಿತ್ತು. ಹಾಗೆಂದು ಹೇಳಿದೆ. "ಅಗಲಿದ್ರ ಇರಲಿ" ಅಂದರು.

ಮರುವರ್ಷ ಅದೇ ಬೇವಿನ ಮರದ ಕೆಳಗೆ ಕೂತಿದ್ದೆವು. ಜನರ ನಡುವೆ ಹಾದಿ ಮಾಡಿಕೊಂಡು ಅದೇ ಗಂಡ ಹೆಂಡತಿ ಬಂದರು. ಅವನ ತೋಳಲ್ಲಿ ಒಂದು ಕೂಸು, ಅವಳ ತೋಳಲ್ಲಿ ಒಂದು ಕೂಸು. ಎರಡೂ ಒಟ್ಟಿಗೆ ಅಳುತ್ತಿದ್ದವು. ಅವಳ ಮುಖ ಬೆಳಗುತ್ತಿತ್ತು. ಅವನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ಶಿವ ಕಣ್ಣು ತೆರದಾ!" ಎಂದು ನಾನು ಕೈ ಮುಗಿದೆ.

"ಅದೆಲ್ಲ ಖರೇರೀ," ಅಂದ ಅವನು, "ಆದ್ರ ಅಗಲ ಯಾಕ ಇಟ್ರಿ? ನಾವು ಒಂದಕ್ಕ ಕೇಳಿದ್ದು."

"ಸುಮ್ಮಕಿರ್ರೀ, ಕೊಟ್ಟವರ ಮ್ಯಾಲ ಸಿಟ್ಟಾಗತಾರೇನು?" ಎಂದು ಹೆಂಡತಿ ಗದರಿದಳು.

ಮೇದಾರನಿಗೆ ಅಗಲದ ಚಿಂತೆಯಿರಲಿಲ್ಲ. ಅವನು ಮುಂದೆ ಬಾಗಿ ಆಸೆಯಿಂದ ಕೇಳಿದ, "ಎರಡನೂ ಅದರಾಗ ಮಲಗಸ್ತೀರಿ ಹೌದಲ್ರೀ?"

"ಛೇ ಛೇ! ದ್ಯಾವ್ರ ಮುಂದ ಇಟ್ಟದ್ದು ದ್ಯಾವ್ರದು. ಅದಕ ದಿನಾ ಊದಿನಕಡ್ಡಿ ಹಚ್ಚತೀವಿ. ಕೂಸುಗೋಳ್ನ ಅದರಾಗ ಹೆಂಗ ಮಲಗಸೋದು?"

ಮೇದಾರ ಹಣೆಗೆ ಕೈ ಹಚ್ಚಿ ಕೂತ. ಆ ಹೊತ್ತಿಗೆ ಸುತ್ತ ಜನ ಸೇರಿ ಅಗಲದ ಕಥೆ ಬಾಯಿಂದ ಬಾಯಿಗೆ ಹೋಗಿತ್ತು. ತೊಟ್ಟಿಲು ನೋಡುತ್ತಿದ್ದ ಇಬ್ಬರು ಹೊಸ ಸೊಸೆಯಂದಿರು ಕೈ ಹಿಂದಕ್ಕೆಳೆದುಕೊಂಡರು. ಒಬ್ಬ ರೈತ ಮಾತ್ರ ಮುಂದೆ ಬಂದು ಒಂದೊಂದನ್ನೂ ಗೇಣು ಹಾಕಿ ನೋಡತೊಡಗಿದ. ಅವನ ಹಿಂದೆ ಸಾಲಾಗಿ ಮಕ್ಕಳು ನಿಂತಿದ್ದವು, ಹೆಂಡತಿಯ ಕಂಕುಳಲ್ಲೂ ಒಂದು.

"ಎಷ್ಟು ಅಗಲ ಬೇಕಪ್ಪ?" ಅಂದೆ.

"ಏನೂ ಹಿಡೀಲಾರದಷ್ಟು ಇಕ್ಕಟ್ಟಿಂದು ಇದ್ರ ಕೊಡ್ರಿ" ಅಂದ.

ಉಳ್ಳಾಗಡ್ಡಿ

ಅಂತೂ ಒಂದು ದಿನ ಮಗಳ ಸಿಹಿ ಸುದ್ದಿ ಬಂತು. ನನಗಿಂತ ಮೊದಲು ಮೇದಾರನ ಮನೆಯಲ್ಲಿ ಬೆಲ್ಲ ಹಂಚಿದರು. ಆದರೆ ಅಲ್ಲಿ ಇನ್ನೊಂದು ಅಡ್ಡಿ ಇತ್ತು, ನಮ್ಮ ಬೀಗತಿ. ಅಂದರೆ ಮಗಳ ಅತ್ತೆ. ಮರ್ಯಾದಸ್ಥ ಮನೆತನದ ಹೆಣ್ಣುಮಗಳು. ಮಾತಾಡಿದರೆ ಲಿಂಗಸೂಗೂರಿನ ಬಸ್ ಸ್ಟ್ಯಾಂಡಿಗೆ ಕೇಳಬೇಕು. ಮನಸ್ಸು ಮಾತ್ರ ಬೆಣ್ಣೆ. ಅವರ ಒಪ್ಪಿಗೆ ಇಲ್ಲದೆ ಮೊಮ್ಮಗು ನಮ್ಮ ತೊಟ್ಟಿಲಲ್ಲಿ ಮಲಗುವಂತಿರಲಿಲ್ಲ.

ನಾವು ಮೂವರೂ ಒಂದು ತೊಟ್ಟಿಲು ಹಿಡಿದು ಹೋದೆವು. ಖಾಲಿ ಒಯ್ಯಬಾರದೆಂದು ಹೆಂಡತಿ ಅದರಲ್ಲೊಂದು ತೆಂಗಿನಕಾಯಿ ಇಟ್ಟಿದ್ದಳು. ಬೀಗತಿ ಕಾಯಿಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ತೊಟ್ಟಿಲನ್ನು ನೋಡಿದರು.

"ಬೀಗರ, ನೀವು ಹೊಲದದ್ದು ಚೆಂದ ಐತಿ, ಇಲ್ಲನ್ನಂಗಿಲ್ಲ. ಆದ್ರ ಬುಟ್ಟ್ಯಾಗ ಬದನಿಕಾಯಿ ಬರತಾವು. ನಮ್ಮ ಮನಿ ಕೂಸು ಬುಟ್ಟ್ಯಾಗ ಬಂತಂದ್ರ ಮಂದಿ ಏನಂದಾರು? ಸಂತ್ಯಾಗ ಕೊಂಡು ತಂದಾರ ಅಂತಾರ. ನನ್ನ ಮೊಮ್ಮಗು ನನ್ನ ತೊಡಿ ಮ್ಯಾಲ ಬರಬೇಕು."

"ಅಮ್ಮಾ, ಒಮ್ಮೆ ಕೈ ಇಟ್ಟು ನೋಡ್ರಿ, ಮೋಡ ಮುಟ್ಟಿದಂಗ ಆಗತದ" ಅಂದ ಮಾಮಾ.

"ಮೋಡದಾಗ ಯಾಕ ಮಲಗಬೇಕು ನಮ್ಮ ಕೂಸು? ತೊಡಿ ಇಲ್ಲೇನು ನನಗ?"

ಹೊರಡುವಾಗ ತೊಟ್ಟಿಲು ಎತ್ತಿಕೊಳ್ಳಲು ಹೋದರೆ ಅದನ್ನೂ ಬಿಡಲಿಲ್ಲ. "ಬೀಗರು ತಂದದ್ದು ತಿರುಗಿ ಕಳಸಬಾರದು. ಇಟ್ಟು ಹೋಗ್ರಿ, ಉಳ್ಳಾಗಡ್ಡಿ ಹಾಕಿಡ್ತೀನಿ" ಅಂದರು. ಮೊಮ್ಮಗುವಿನ ಜಾಗಕ್ಕೆ ಈರುಳ್ಳಿ!

ದಾರಿಯುದ್ದಕ್ಕೂ ಮೇದಾರ ತುಟಿ ಬಿಚ್ಚಲಿಲ್ಲ. ಪಾಪ, ಎಷ್ಟು ನೊಂದನೋ ಎಂದು ನಾನೂ ಮಾತಾಡಿಸಲಿಲ್ಲ. ಮಸ್ಕಿ ದಾಟಿದ ಮೇಲೆ ದೊಡ್ಡ ಉಸಿರು ಬಿಟ್ಟು ಅಂದ:

"ಒಂದು ಮಾತು ಹೇಳಿ ಬರಬೇಕಿತ್ರೀ. ಉಳ್ಳಾಗಡ್ಡಿಗೆ ಗಾಳಿ ಬೇಕು. 'ಒಳಗಿನ ಬಟ್ಟಿ ಬಿಚ್ಚಿ ಹಾಕ್ರಿ' ಅನ್ನಬೇಕಿತ್ತು."

ಹಳ್ಳ ದಾಟಿದ್ದು

ಮಗಳು ನಮ್ಮ ಮನೆಯಲ್ಲೇ ಹೆತ್ತಳು. ಹೆಣ್ಣು ಕೂಸು, ದುಂಡಗೆ, ನಗುಮೊಗದ್ದು. ನಮ್ಮಲ್ಲಿ ಇರುವಷ್ಟು ದಿನ ಅದನ್ನು ಕೈತೊಟ್ಟಿಲಲ್ಲಿ ಮಲಗಿಸಲು ಹೆಂಡತಿ ಬಿಡಲಿಲ್ಲ. "ಬೀಗತಿ ಮಾತು ಮೀರಿ ಮಲಗಿಸಿದ್ರ ನಾಳಿ ಮಗಳು ಅವರ ಮನ್ಯಾಗ ಬಾಳೇವು ಮಾಡಬೇಕಲ್ಲ" ಅಂದಳು. ಅದೂ ನಿಜ.

ಕೂಸಿಗೆ ಐದು ತಿಂಗಳಾದಾಗ ಕರೆದೊಯ್ಯಲು ಬೀಗತಿಯೇ ಬಂದರು. ಕೂಸಿನ ಜೊತೆ ತವರಿನ ತೊಟ್ಟಿಲು ಕಳಿಸುವುದು ಪದ್ಧತಿ, ಅದನ್ನು ಅವರೂ ಬೇಡ ಅನ್ನುವಂತಿರಲಿಲ್ಲ. ಮೇದಾರ ಆ ತೊಟ್ಟಿಲಿಗೆ ತನ್ನ ಕೈಯಲ್ಲಿದ್ದ ಕಸುಬನ್ನೆಲ್ಲ ಹಾಕಿದ್ದ. ಹೊದಿಕೆಗೆ ನನ್ನ ಹೆಂಡತಿ ತನ್ನ ಮದುವೆಯ ಇಳಕಲ್ ಸೀರೆಯ ಕೆಂಪು ಸೆರಗನ್ನು ತಾನೇ ಕತ್ತರಿಸಿ ಕೊಟ್ಟಳು. ಕಮಾನಿನ ಅಂಚಿಗೆ ಮಾಮಾ ಝರಿಯ ಗೊಂಡೆ ಕಟ್ಟಿದ.

ಹೊರಡುವ ಹೊತ್ತಿಗೆ ಓಣಿಯೆಲ್ಲ ಬಂದು ನಿಂತಿತು. ಕೂಸು ಒಳಗೆ ಮಲಗುತ್ತದೋ ಇಲ್ಲವೋ ಎಂದು ಎಲ್ಲರ ಕಣ್ಣೂ ಅಲ್ಲೇ. ಬೀಗತಿ ಕೂಸನ್ನು ಎದೆಗವಚಿಕೊಂಡು, "ತೊಟ್ಟಲಾ ಸಾಮಾನಿನ ಜೋಡಿ ಬರಲಿ" ಎಂದು ನಡೆದೇಬಿಟ್ಟರು. ಮೇದಾರ ತೊಟ್ಟಿಲನ್ನು ತಲೆಯ ಮೇಲಿಟ್ಟುಕೊಂಡ. ಕೈಯಲ್ಲಿ ಅವನದೇ ಒಂದು ಗಂಟು, ಅದಕ್ಕೆ ಸಿಕ್ಕಿಸಿದ ಒಂದು ಬಿದಿರ ಗಳ. "ಇದನ್ನ ಮುಟ್ಟಿಸಿ, ಆ ಕಡಿಂದಾನ ಕ್ಯಾಂಪಿಗೆ ಹೋಗಿ ಕೆಲಸ ಕೇಳತೀನ್ರೀ" ಅಂದ. ಬುತ್ತಿಯ ಗಂಟು ಹೊತ್ತು ಮಾಮಾ ಹಿಂದೆ ಬಂದ. ಮಗಳನ್ನು ಮುಟ್ಟಿಸಲು ನಾನೂ ಹೆಂಡತಿಯೂ ಜೊತೆಗೆ ಬಸ್ಸು ಹತ್ತಿದೆವು.

ಮಸ್ಕಿ ಇನ್ನೂ ಮುಂದಿದೆ ಅನ್ನುವಾಗ ಬಸ್ಸು ನಿಂತಿತು. ಮೇಲೆ ಎಲ್ಲೋ ಮಳೆಯಾಗಿ ಹಳ್ಳಕ್ಕೆ ನೀರು ಬಂದಿತ್ತು. ಮೊಣಕಾಲುದ್ದ ಕೆಂಪು ನೀರು. ದಾಟಿ ಆ ದಂಡೆಯಲ್ಲಿ ನಿಂತ ಬಸ್ಸು ಹತ್ತಬೇಕು. ನಮ್ಮ ಬೀಗತಿ ಒಳ್ಳೆ ಮೈಕಟ್ಟಿನವರು. ಕೂಸನ್ನು ಹಿಡಿದು ನೀರಿಗೆ ಒಂದು ಹೆಜ್ಜೆ ಇಟ್ಟರು, ಕಾಲು ಜಾರಿತು. ಮಗಳು ಕಿರುಚಿದಳು. ಬೀಳಲೇನೂ ಇಲ್ಲ, ಆದರೆ ದಂಡೆಗೆ ವಾಪಸು ಬಂದು ನಿಂತಾಗ ಅವರ ಮುಖ ಬೆಳ್ಳಗಾಗಿತ್ತು. ಇನ್ನೊಬ್ಬರ ಕೈಗೆ ಕೂಸು ಕೊಡಲು ಧೈರ್ಯವಿಲ್ಲ, ತಾವೇ ಒಯ್ಯುವ ಹಾಗೂ ಇಲ್ಲ.

ಮೇದಾರ ತೊಟ್ಟಿಲನ್ನು ಅವರ ಮುಂದಿಟ್ಟ. ಹಿಡಿಕೆಗಳೊಳಗೆ ತನ್ನ ಬಿದಿರ ಗಳ ತೂರಿಸಿ ಜೋರಾಗಿ ಜಗ್ಗಿ ತೋರಿಸಿದ.

"ಹಳ್ಳ ದಾಟೂತನಕ ಅಷ್ಟ" ಎಂದು ಬೀಗತಿ ಕೂಸನ್ನು ಒಳಗೆ ಮಲಗಿಸಿದರು.

ಗಳದ ಮುಂದಿನ ತುದಿ ಮೇದಾರನ ಹೆಗಲಿಗೆ, ಹಿಂದಿನದು ಮಾಮಾನ ಹೆಗಲಿಗೆ. ನೀರಿನ ಆಳ ನೋಡಲು ನಾನು ಉದ್ದನೆಯ ಕೋಲು ಹಿಡಿದು ಮುಂದೆ ನಡೆದೆ. ಹಣೆಯ ತುಂಬ ವಿಭೂತಿ, ಬಾಯಲ್ಲಿ ಗಟ್ಟಿಯಾಗಿ "ಓಂ ನಮಃ ಶಿವಾಯ". ಭಕ್ತಿಯೂ ಇತ್ತು, ಭಯ ಅದಕ್ಕಿಂತ ಹೆಚ್ಚಿತ್ತು. ಕೂಸಿನ ಕಣ್ಣಿಗೆ ಬಿಸಿಲು ಬಡಿಯದಂತೆ ನನ್ನ ಹೆಂಡತಿ ಪಕ್ಕದಲ್ಲಿ ಕೊಡೆ ಹಿಡಿದು ಬಂದಳು. ಹಿಂದೆ ಮಗಳು, ಬೀಗತಿ. ಅವರ ಹಿಂದೆ ಒಬ್ಬ ರೈತ ಸಿಂಧನೂರಲ್ಲಿ ಕೊಂಡ ಎತ್ತಿನ ಗೆಜ್ಜೆಸರಗಳನ್ನು ನೆನೆಯದಿರಲೆಂದು ಕೊರಳಿಗೆ ಹಾಕಿಕೊಂಡು ಝಲ್ ಝಲ್ ಎನ್ನುತ್ತ ಬರುತ್ತಿದ್ದ.

ಆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು, ಬಸ್ಸಿಗೆ ಕಾಯುತ್ತಿದ್ದವರು ತಲೆಯೆತ್ತಿ ನೋಡಿದರು. ಕೆಂಪು ಕಮಾನು, ಝರಿಗೊಂಡೆ, ಮೇಲೆ ಛತ್ರಿ, ಮುಂದೆ ಮಂತ್ರ, ಹಿಂದೆ ಗೆಜ್ಜೆ.

"ಅಮ್ಮನ ಪಲ್ಲಕ್ಕಿ ಬಂತು!" ಎಂದು ಯಾರೋ ಕೂಗಿದರು.

ಕಾಲಲ್ಲಿದ್ದ ಮೆಟ್ಟುಗಳು ಪಟಪಟನೆ ಕಳಚಿದವು. ನಾವು ದಂಡೆ ಹತ್ತುವಷ್ಟರಲ್ಲಿ ಹೆಂಗಸರು ಕೊಡ ತುಂಬಿ ತಂದು ಹೊತ್ತವರ ಕಾಲಿಗೆ ನೀರು ಸುರಿಯತೊಡಗಿದರು. ಮಾಮಾ ಗಾಬರಿಯಾದ. "ಅರೆ, ಅಮ್ಮಾ, ನಾ ಪಿಂಜಾರ ಇದ್ದೀನ್ರೀ!"

"ಹೊತ್ತವರಿಗೆ ಯಾವ ಜಾತಿ? ಸುಮ್ಮಕ ನಿಂದರು" ಎಂದು ಇನ್ನೊಂದು ಕೊಡ ಸುರಿದಳು ಒಬ್ಬಳು.

ಇದು ಪಾಪದ ಕೆಲಸವಾಯಿತಲ್ಲ ಅನ್ನಿಸಿತು. "ತಾಯಿ, ಇದು ದ್ಯಾವ್ರಲ್ಲ. ನನ್ನ ಮೊಮ್ಮಗಳು" ಎಂದು ಕೂಗಿ ಹೇಳಿದೆ. ಒಬ್ಬ ಮುದುಕಿ ಬಂದು ಕಮಾನಿನ ಮರೆ ಸರಿಸಿ ನೋಡಿದಳು. ಕೂಸು ಮುಷ್ಟಿ ಚೀಪುವುದನ್ನು ಬಿಟ್ಟು ಅವಳನ್ನು ನೋಡಿ ಬೊಚ್ಚು ಬಾಯಲ್ಲಿ ನಕ್ಕಿತು. ಮುದುಕಿಯೂ ಹಾಗೇ ನಕ್ಕಳು.

"ಇಕಿ ದ್ಯಾವ್ರಲ್ಲಂದ್ರ ಮತ್ಯಾರಪ್ಪ ದ್ಯಾವ್ರು?" ಎಂದು ಕೂಸಿನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಉಳಿದವರು ಅವಳ ಹಿಂದೆ ಸಾಲು ನಿಂತರು.

ಅಷ್ಟರಲ್ಲಿ ಬೀಗತಿ ಒದ್ದೆ ಸೀರೆ ಹಿಂಡುತ್ತ ದಂಡೆ ಹತ್ತಿದರು. "ಯಾರಿಗೆ ಕೈ ಮುಗಿಯಾಕತ್ತಾರ?" ಅಂದರು.

"ನಿಮ್ಮ ಮೊಮ್ಮಗಳಿಗೆ" ಅಂದಳು ನನ್ನ ಹೆಂಡತಿ.

ಬೀಗತಿ ಸೆರಗು ಸರಿ ಮಾಡಿಕೊಂಡರು. ಮುದುಕಿ, "ಯಾರ ಮನೀದವ್ವ ಕೂಸು?" ಎಂದು ಕೇಳಿದಳು.

"ನಮ್ಮ ಮನೀದು! ಲಿಂಗಸೂಗೂರಿಂದು!" ಹಳ್ಳದ ಆಚೆ ನಾವು ಬಿಟ್ಟು ಬಂದ ಬಸ್ಸಿನ ಡ್ರೈವರನೂ ತಿರುಗಿ ನೋಡಿದ.

ಆಮೇಲೆ ಕೂಸನ್ನು ತೊಟ್ಟಿಲಿಂದ ತೆಗೆಯುವ ಮಾತೇ ಬರಲಿಲ್ಲ. ಬಸ್ಸಿನಲ್ಲಿ ಮಗಳು ಹಾಲು ಕುಡಿಸಲು ಎತ್ತಿಕೊಂಡರೆ, "ಜಲ್ದಿ ಕುಡಿಸಿ ಒಳಗ ಮಲಗಸವ್ವ, ಮುಂದಿನ ಸ್ಟಾಪಿನ್ಯಾಗ ಮಂದಿ ಇರತಾರ" ಎಂದರು. ಲಿಂಗಸೂಗೂರಿನಲ್ಲಿ ಇಳಿದ ಮೇಲೆ ಮನೆಗೆ ಹತ್ತಿರದ ಸಂದಿ ಬಿಟ್ಟು ಬಜಾರದ ದೊಡ್ಡ ದಾರಿಯಲ್ಲೇ ಹೊರಿಸಿದರು. ಅಂಗಡಿಯವರು ಎದ್ದು ನಿಂತು ಕೇಳಿದರೆ, "ನಮ್ಮ ಮನಿ ಪದ್ಧತಿರೀ ಇದು. ನಮ್ಮ ಮನಿ ಕೂಸು ಮೊದಲಿಂದನೂ ಹಿಂಗ ಬರೋದು" ಎಂದು ಹೇಳುತ್ತ ಹೋದರು.

ಮನೆಯ ಮುಂದೆ ಹೆಂಗಸರು ಮೇದಾರನನ್ನು ಸುತ್ತುವರಿದರು. ನಮಗೊಂದು, ನಮ್ಮ ಮಗಳಿಗೊಂದು, ನಮಗೂ ಕೆಂಪಿಂದೇ ಎಂದು ಗದ್ದಲ. ನಾನು ಅವನ ಕಿವಿಯಲ್ಲಿ, "ಕ್ಯಾಂಪಿಗೆ ಯಾವಾಗ ಹೋಗ್ತಿ?" ಅಂದೆ.

"ಯಾವ ಕ್ಯಾಂಪ್ರೀ?" ಎಂದು ಗಂಟನ್ನು ಕಾಲಿನಿಂದ ಕಟ್ಟೆಯ ಕೆಳಗೆ ಸರಿಸಿದ.

ಊಟಕ್ಕೆ ಕೂತಿದ್ದೆವು. ಬೀಗತಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದರು. ಹಳ್ಳದ ನಡಿಗೆ, ಬಜಾರದ ನಡಿಗೆ ಎರಡೂ ಸೇರಿ ಅವರ ಮೊಣಕಾಲು ಹಣ್ಣಾಗಿದ್ದವು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಹುಟ್ಟಿದಂದಿನಿಂದ ಬಳಸದ ಮೆಲುದನಿಯಲ್ಲಿ ಕೇಳಿದರು:

"ಬೀಗರ, ನಗಬ್ಯಾಡ್ರಿ ಮತ್ತ. ಇದರಾಗ ದೊಡ್ಡವರ ಅಳತೀದು ಆಗತೈತೇನು?"

ಬೀಗರ ಮನೆ, ನಗುವಂತಿಲ್ಲ. ನಾನು ರೊಟ್ಟಿಯ ದೊಡ್ಡ ತುತ್ತು ಬಾಯಿಗೆ ತುರುಕಿಕೊಂಡೆ. ಮೇದಾರ ಗಂಗಾಳದಲ್ಲಿ ತಲೆ ಹುದುಗಿಸಿದ. ಮಾಮಾ ಮಾತ್ರ ಕೈ ತೊಳೆದುಕೊಂಡು ಅವರನ್ನು ಅಡಿಯಿಂದ ಮುಡಿವರೆಗೆ ಬಹಳ ಗೌರವದಿಂದ ನೋಡಿದ.

"ಆಗತದ ಅಮ್ಮಾ, ಯಾಕಾಗಂಗಿಲ್ಲ? ಬಿದಿರಿಗೆ ಬರ ಇಲ್ಲ, ಹತ್ತಿಗೆ ಬರ ಇಲ್ಲ. ಹೊರಾಕ ಮಾತ್ರ ನಾವಿಬ್ರು ಸಾಲಂಗಿಲ್ಲ."